ಬಿಗಿದು ಹಿಡಿಯುವ, ಬೇಕಾದಾಗ ಬಿಡುವ ಚೌಕಟ್ಟುಗಳು

2025ರ ಅಕ್ಟೋಬರ್ 8ರಂದು ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅದಾದ ಮೇಲೆ ಕಾರವಾರದಲ್ಲಿ ನಾನು ಪಾಠ ಮಾಡುವ ಕಾಲೇಜಿನ ವಿದ್ಯಾರ್ಥಿಗಳು ಅವರ ಕೆಲಸದ ಬಗ್ಗೆ ಬಿಡದೆ ಕೇಳುತ್ತಿದ್ದಾರೆ. ಪ್ರಶಸ್ತಿ ಬಂದದ್ದು ಲೋಹ ಮತ್ತು ಸಾವಯವ ಅಣುಗಳನ್ನು ಜೋಡಿಸಿ ಕಟ್ಟಿದ ಸರಂಧ್ರ ಚೌಕಟ್ಟುಗಳಿಗೆ. ಆದರೆ ಅದೇ ಯಾಘಿ ಅವರ ತಂಡ 2005ರಲ್ಲಿ ಲೋಹದ ಸೋಂಕೇ ಇಲ್ಲದ ಇನ್ನೊಂದು ಬಗೆಯ ಚೌಕಟ್ಟನ್ನು ಲೋಕದ ಮುಂದಿಟ್ಟಿತ್ತು. ಅದರ ಹೆಸರು ಸಹವೇಲೆನ್ಸೀಯ ಸಾವಯವ ಚೌಕಟ್ಟು, ಇಂಗ್ಲಿಷಿನಲ್ಲಿ ಕೋವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್. ರಸಾಯನಶಾಸ್ತ್ರಜ್ಞರು ಮಾತಿನಲ್ಲಿ ಅದನ್ನು ಸಿಒಎಫ್ ಅಥವಾ ಚಿಕ್ಕದಾಗಿ ಕಾಫ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಈ ವಸ್ತುಗಳ ಬಗ್ಗೆ ಬರುವ ಬರಹಗಳೆಲ್ಲ ಅವುಗಳ ರಂಧ್ರಗಳನ್ನೇ ಕೊಂಡಾಡುತ್ತವೆ. ನನ್ನ ದೃಷ್ಟಿಯಲ್ಲಿ ರಂಧ್ರ ಇರುವುದು ದೊಡ್ಡ ಸಂಗತಿಯಲ್ಲ. ಇದ್ದಿಲಿನಲ್ಲಿಯೂ ರಂಧ್ರಗಳಿವೆ, ಅದೂ ಹೇರಳವಾಗಿ. ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಅಣುಗಳ ಮಟ್ಟದಲ್ಲಿ ಕಟ್ಟಬಹುದು ಎಂಬುದೇ ಇಲ್ಲಿನ ವಿಶೇಷ. ಇವು ಹುಟ್ಟಿದ ಬಗೆಯಿಂದ ಹಿಡಿದು ಔಷಧದ ಕೆಲಸದವರೆಗೆ ಎಲ್ಲೆಡೆಯೂ ಇದೇ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಪಾಲಿಮರ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಪ್ಲಾಸ್ಟಿಕ್ ಕೊಡ, ನೀರಿನ ಪೈಪು, ಬೈತಖೋಲದ ಬಂದರಿನಲ್ಲಿ ಒಣಗಲು ಹರವಿದ ನೈಲಾನ್ ಬಲೆ. ಇವುಗಳ ಅಣುಗಳು ಬಹಳ ಉದ್ದನೆಯ ಸರಪಳಿಗಳಾಗಿದ್ದು, ಅಲ್ಲಲ್ಲಿ ಸ್ವಲ್ಪ ಶಿಸ್ತಾಗಿ ಮಡಚಿಕೊಂಡಿದ್ದರೂ ಉಳಿದಂತೆ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತವೆ. ಸಿಒಎಫ್ ಕೂಡ ಪಾಲಿಮರೇ, ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ, ಬೋರಾನ್‌ನಂಥ ಹಗುರ ಧಾತುಗಳು ಗಟ್ಟಿ ಬಂಧಗಳಿಂದ ಸೇರಿ ಆದದ್ದೇ. ಆದರೆ ಅದರಲ್ಲಿ ಅಣುಗಳು ಸಾಲಾಗಿ ಬೆಳೆಯದೆ ಜಾಲವಾಗಿ ಬೆಳೆಯುತ್ತವೆ, ಆ ಜಾಲದ ಕಣ್ಣುಗಳು ಒಂದೇ ಅಳತೆಯವಾಗಿರುತ್ತವೆ, ಜಾಲದ ಹಾಳೆಗಳು ಒಂದರ ಮೇಲೊಂದು ನೇರವಾಗಿ ಕೂತಾಗ ಕಣ್ಣಿನ ಕೆಳಗೆ ಕಣ್ಣು ಬಂದು ಉದ್ದನೆಯ ಕೊಳವೆಗಳಾಗುತ್ತವೆ. ಮೂರು ಕೈಗಳಿರುವ ಅಣುವನ್ನೂ ನೇರ ಕಡ್ಡಿಯಂಥ ಅಣುವನ್ನೂ ಸೇರಿಸಿದರೆ ಷಟ್ಕೋನದ ಕಣ್ಣುಗಳು ಸಿಗುತ್ತವೆ. ಕಡ್ಡಿ ಉದ್ದವಾದಷ್ಟೂ ಕಣ್ಣು ದೊಡ್ಡದಾಗುತ್ತದೆ. ಒಂದೇ ಸಮತಲದಲ್ಲಿರದೆ ನಾಲ್ಕು ದಿಕ್ಕಿಗೆ ಕೈಚಾಚಿದ ಅಣುವನ್ನು ಬಳಸಿದರೆ ಹಾಳೆಯ ಬದಲು ಮೂರು ಆಯಾಮದ ಪಂಜರವೇ ಬೆಳೆಯುತ್ತದೆ.

2005ರ ಆ ಮೊದಲ ಪ್ರಬಂಧದಲ್ಲಿದ್ದ ಎರಡು ವಸ್ತುಗಳಲ್ಲಿ ಒಂದಾದ ಸಿಒಎಫ್-5ರ ಕೊಳವೆಗಳ ಅಗಲ 2.7 ನ್ಯಾನೊಮೀಟರ್, ಒಂದು ಗ್ರಾಂ ಪುಡಿಯ ಒಳಮೇಲ್ಮೈ 1590 ಚದರ ಮೀಟರ್. ಎರಡು ವರ್ಷಗಳ ನಂತರ ಬಂದ ಮೂರು ಆಯಾಮದ ಸಿಒಎಫ್-103ರಲ್ಲಿ ಈ ಅಂಕಿ 4210 ಚದರ ಮೀಟರ್‌ಗೆ ಏರಿತು. ಸಿರಸಿ ಕಡೆಯವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಗ್ರಾಮಿನೊಳಗೆ ಒಂದು ಎಕರೆಗಿಂತ ತುಸು ಹೆಚ್ಚು ಜಾಗ. ಅದೇ ವರ್ಷದ ಸಿಒಎಫ್-108ರ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಕೇವಲ 0.17 ಗ್ರಾಂ. ಒಳಮೇಲ್ಮೈಯ ವಿಸ್ತೀರ್ಣವನ್ನು ಅಳೆಯಲು, ಪುಡಿಯನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಅದರ ಒಳಗೋಡೆಗಳಿಗೆ ಎಷ್ಟು ಸಾರಜನಕ ಅಂಟಿಕೊಳ್ಳುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ.

ಇಷ್ಟು ಸರಳ ಆಲೋಚನೆ ಕೈಗೂಡಲು 2005ರವರೆಗೆ ಯಾಕೆ ಕಾಯಬೇಕಾಯಿತು ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಅದು ಸರಿಯಾದ ಪ್ರಶ್ನೆ. ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಇಲೆಕ್ಟ್ರಾನುಗಳನ್ನು ಹಂಚಿಕೊಂಡು ಆಗುವ ಬಂಧ, ಗಟ್ಟಿ ಬಂಧ. ಒಮ್ಮೆ ಕೂಡಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಕೋಟ್ಯಂತರ ಅಣುಗಳು ಏಕಕಾಲಕ್ಕೆ ಕೂಡಿಕೊಳ್ಳುವಾಗ ಕೆಲವು ಓರೆಯಾಗಿ ಕೂರುವುದು ಖಚಿತ. ಆ ತಪ್ಪು ಅಲ್ಲೇ ಉಳಿದರೆ ಅದರ ಮೇಲೆ ಇನ್ನೊಂದು ತಪ್ಪು ಕೂತು, ಕೊನೆಗೆ ಸಿಗುವುದು ಯಾವ ಶಿಸ್ತೂ ಇಲ್ಲದ ಅಂಟಿನ ಮುದ್ದೆ. ನಮ್ಮಲ್ಲಿ ಚಿರೆಕಲ್ಲಿನ ಗೋಡೆ ಕಟ್ಟುವವರು ಕಲ್ಲನ್ನಿಟ್ಟು, ದಾರಕ್ಕೆ ತಾಳೆ ನೋಡಿ, ಓರೆಯಾಗಿದ್ದರೆ ಗಾರೆ ಬಿಗಿಯುವ ಮೊದಲೇ ಎತ್ತಿ ಮತ್ತೆ ಇಡುತ್ತಾರೆ. ಸ್ಫಟಿಕ ಬೆಳೆಯಬೇಕಾದರೆ ಅಣುಗಳಿಗೂ ಇಂಥದೊಂದು ಅವಕಾಶ ಬೇಕು. ಯಾಘಿ ಅವರ ತಂಡ ಅದಕ್ಕಾಗಿ ಬೋರಾನ್ ಮತ್ತು ಆಮ್ಲಜನಕದ ನಡುವಿನ ಬಂಧವನ್ನು ಆರಿಸಿಕೊಂಡಿತು. ಆ ಬಂಧ ಉಂಟಾಗುವಾಗ ನೀರು ಹೊರಬರುತ್ತದೆ. ಆ ನೀರು ಅಲ್ಲೇ ಇದ್ದರೆ ಬಂಧವನ್ನು ಬಿಡಿಸಲೂ ಬಲ್ಲದು. ಮುಚ್ಚಿದ ಪಾತ್ರೆಯಲ್ಲಿ ದಿನಗಟ್ಟಲೆ ಹೀಗೆ ಕೂಡುವುದೂ ಬಿಡುವುದೂ ನಡೆದು, ಓರೆ ಕೂತವು ಕಳಚಿ, ನೆಟ್ಟಗೆ ಕೂತವು ಉಳಿದುಕೊಳ್ಳುತ್ತವೆ.

ತೊಡಕು ಇರುವುದೂ ಅಲ್ಲಿಯೇ. ಕಟ್ಟುವಾಗ ನೆರವಾದ ನೀರು, ಕಟ್ಟಿ ಮುಗಿದ ಮೇಲೆ ಶತ್ರುವಾಗುತ್ತದೆ. ಬೋರಾನಿನ ಆ ಮೊದಲ ಚೌಕಟ್ಟುಗಳು ಗಾಳಿಯ ತೇವಕ್ಕೇ ಶಿಥಿಲವಾಗುತ್ತವೆ. ಆಷಾಢದ ಕಾರವಾರದ ಗಾಳಿಯಲ್ಲಿ ಅಂಥ ಪುಡಿಯ ಶೀಶೆಯನ್ನು ಮುಚ್ಚಳ ತೆಗೆದಿಟ್ಟರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಹಿಮ್ಮರಳಬಲ್ಲ ಬಂಧವಾದರೆ ಶಿಸ್ತು ಬರುತ್ತದೆ, ಬಾಳಿಕೆ ಇಲ್ಲ. ಹಿಮ್ಮರಳದ ಬಂಧವಾದರೆ ಬಾಳಿಕೆ ಇದೆ, ಶಿಸ್ತು ಇಲ್ಲ. 2009ರಲ್ಲಿ ಬಂದ ಇಮಿನ್ ಬಂಧದ, ಅಂದರೆ ಇಂಗಾಲ ಮತ್ತು ಸಾರಜನಕದ ನಡುವಿನ ಜೋಡಿಬಂಧದ ಚೌಕಟ್ಟುಗಳು ನೀರಿಗೆ ಇನ್ನಷ್ಟು ಚೆನ್ನಾಗಿ ತಡೆದುಕೊಂಡವು. ಆದರೂ ತೀಕ್ಷ್ಣ ಆಮ್ಲದ ಮುಂದೆ ಇಮಿನ್ ಬಂಧ ಗಟ್ಟಿಯಾಗಿ ನಿಲ್ಲುವಂಥದ್ದಲ್ಲ.

ಈ ಗಂಟನ್ನು ಬಿಡಿಸಿದ ಒಂದು ಮುಖ್ಯ ಕೆಲಸ ನಮ್ಮ ದೇಶದಲ್ಲೇ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ನಡೆಯಿತು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಅಭಿಮಾನದಿಂದಲೇ ಹೇಳುತ್ತೇನೆ. 2012ರಲ್ಲಿ ರಾಹುಲ್ ಬ್ಯಾನರ್ಜಿ ಅವರ ತಂಡ ಕ್ರಿಯೆಯನ್ನು ಎರಡು ಹಂತವಾಗಿ ಯೋಚಿಸಿತು. ಫ್ಲೋರೊಗ್ಲೂಸಿನಾಲ್‌ನ ಉಂಗುರಕ್ಕೆ ಮೂರು ಆಲ್ಡಿಹೈಡ್ ಗುಂಪುಗಳನ್ನು ಸೇರಿಸಿದ ಅಣು ಒಂದು ಕಡೆ, ಎರಡು ತುದಿಗಳಲ್ಲಿ ಅಮೀನ್ ಎಂಬ ಸಾರಜನಕದ ಗುಂಪು ಇರುವ ಪ್ಯಾರಾ-ಫೀನಿಲೀನ್ ಡೈಅಮೀನ್ ಇನ್ನೊಂದು ಕಡೆ. ಮೊದಲ ಹಂತದಲ್ಲಿ ಇವೆರಡರ ನಡುವೆ ಇಮಿನ್ ಬಂಧ ಬೆಳೆಯುತ್ತದೆ. ಅದು ಹಿಮ್ಮರಳಬಲ್ಲದು, ಹಾಗಾಗಿ ಜಾಲ ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಪಕ್ಕದ ಹೈಡ್ರಾಕ್ಸಿಲ್ ಗುಂಪಿನ ಜಲಜನಕ ಸಾರಜನಕದ ಕಡೆಗೆ ಸರಿದು, ಈನಾಲ್ ರೂಪ ಕೀಟೋ ರೂಪಕ್ಕೆ ಬದಲಾಗುತ್ತದೆ. ಈ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ಪರಮಾಣುಗಳು ತಮ್ಮ ಜಾಗದಿಂದ ಹೆಚ್ಚುಕಡಿಮೆ ಕದಲದೆ ಬಂಧಗಳು ಮಾತ್ರ ಹೊಸದಾಗಿ ಹೊಂದಿಕೊಳ್ಳುವುದರಿಂದ ಸ್ಫಟಿಕದ ಶಿಸ್ತು ಹಾಗೇ ಉಳಿಯುತ್ತದೆ, ಬೀಗ ಮಾತ್ರ ಬೀಳುತ್ತದೆ. ಹೀಗೆ ದೊರೆತ ಟಿಪಿಪಿಎ-1 ಎಂಬ ವಸ್ತು ಕುದಿಯುವ ನೀರಿನಲ್ಲಿಯೂ 9 ನಾರ್ಮಲ್ ಸಾಂದ್ರತೆಯ ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ತನ್ನ ರಚನೆ ಕಳೆದುಕೊಳ್ಳಲಿಲ್ಲ. ಅದರ ಜೊತೆಗಾರ ಟಿಪಿಪಿಎ-2 ಅಷ್ಟೇ ತೀಕ್ಷ್ಣವಾದ ಕಾಸ್ಟಿಕ್ ಸೋಡಾದಲ್ಲಿಯೂ ಉಳಿಯಿತು.

ಇದನ್ನು ಮಾಡುವ ಬಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡೂ ಅಣುಗಳನ್ನು ಮೆಸಿಟಿಲೀನ್ ಮತ್ತು ಡೈಆಕ್ಸೇನ್ ಮಿಶ್ರಣದಲ್ಲಿ ಸ್ವಲ್ಪ ಅಸಿಟಿಕ್ ಆಮ್ಲದ ಜೊತೆ ಗಾಜಿನ ಕೊಳವೆಗೆ ಹಾಕುತ್ತಾರೆ. ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿಯನ್ನು ಎಳೆದು, ಮತ್ತೆ ಕರಗಿಸುವ ಕೆಲಸವನ್ನು ಕೆಲವು ಸಲ ಮಾಡಿದ ಮೇಲೆ ಕೊಳವೆಯ ಕುತ್ತಿಗೆಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚುತ್ತಾರೆ. 120 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಕೆಂಪು ಪುಡಿ ತಳಕ್ಕೆ ಕೂರುತ್ತದೆ. ಅದನ್ನು ತೊಳೆದು ಒಣಗಿಸಿ ಎಕ್ಸ್‌ರೇ ವಿವರ್ತನೆಗೆ, ಅಂದರೆ ಕಿರಣಗಳು ಯಾವ ಯಾವ ಕೋನದಲ್ಲಿ ಚದುರುತ್ತವೆ ಎಂದು ನೋಡುವ ಪರೀಕ್ಷೆಗೆ ಒಡ್ಡಿದಾಗ ಸುಮಾರು 4.7 ಡಿಗ್ರಿಯ ಕಿರುಕೋನದಲ್ಲಿ ಒಂದು ಚೂಪು ಶಿಖರ ಎದ್ದರೆ ಜಾಲ ಶಿಸ್ತಾಗಿ ಬೆಳೆದಿದೆ ಎಂದರ್ಥ. 27 ಡಿಗ್ರಿಯ ಹತ್ತಿರದ ಅಗಲವಾದ ದಿಬ್ಬ, ಹಾಳೆಗಳು ಒಂದರ ಮೇಲೊಂದು ಕೂತಿವೆ ಎಂಬುದರ ಗುರುತು.

ಇದೇ ತಂಡ 2013ರಲ್ಲಿ ಇನ್ನೂ ಸರಳ ದಾರಿಯೊಂದನ್ನು ತೋರಿಸಿತು. ದ್ರಾವಕವಿಲ್ಲ, ಒಲೆಯಿಲ್ಲ, ಕುಟ್ಟಾಣಿಯಲ್ಲಿ ಎರಡೂ ಪುಡಿಗಳನ್ನು ಹಾಕಿ ಕೋಣೆಯ ಉಷ್ಣತೆಯಲ್ಲಿ ಅರೆಯುವುದಷ್ಟೇ. ಅರೆಯುತ್ತಾ ಹೋದಂತೆ ಪುಡಿ ಮೊದಲು ತಿಳಿಹಳದಿ, ಆಮೇಲೆ ಕಿತ್ತಳೆ, ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ ಕಡುಗೆಂಪು. ಕಣ್ಣೆದುರಿಗೇ ಬಂಧಗಳು ಬೆಳೆಯುತ್ತಿರುವುದನ್ನು ಬಣ್ಣವೇ ಹೇಳುತ್ತದೆ. ಹೀಗೆ ಅರೆದು ಮಾಡಿದ ಪುಡಿಯ ಸ್ಫಟಿಕದ ಗುಣಮಟ್ಟವೂ ಒಳಮೇಲ್ಮೈಯೂ ಕೊಳವೆಯಲ್ಲಿ ಬೆಳೆಸಿದ್ದಕ್ಕಿಂತ ಬಹಳ ಕಡಿಮೆ. ಆದರೂ ಅಪಾಯಕಾರಿ ದ್ರಾವಕಗಳಿಲ್ಲದೆ ಇಂಥ ವಸ್ತು ಸಾಧ್ಯ ಎಂಬುದು, ನಮ್ಮಂಥ ಸಣ್ಣ ಊರಿನ ಪ್ರಯೋಗಾಲಯಗಳಿಗೆ ದೊಡ್ಡ ಭರವಸೆ.

ಬಳಕೆಯ ವಿಷಯಕ್ಕೆ ಬಂದರೆ, ಅನಿಲವನ್ನು ಹಿಡಿಯುವ ಕೆಲಸದಲ್ಲಿ ಇವು ಬಹಳ ಮುಂದೆ ಬಂದಿವೆ. 2024ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಯಾಘಿ ಅವರ ತಂಡ ಸಿಒಎಫ್-999 ಎಂಬ ವಸ್ತುವನ್ನು ಪ್ರಕಟಿಸಿತು. ಅದರ ಕೊಳವೆಗಳ ಒಳಗೋಡೆಗೆ ಅಮೀನ್‌ಗಳ ಸರಪಳಿಯನ್ನು ಬೆಳೆಸಲಾಗಿದೆ. ಹೊರಗಿನ ಸಾಮಾನ್ಯ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 400ರಷ್ಟು ಮಾತ್ರ ಇರುವ ಇಂಗಾಲದ ಡೈಆಕ್ಸೈಡನ್ನು ಆ ಅಮೀನ್‌ಗಳು ಹುಡುಕಿ ಹಿಡಿಯುತ್ತವೆ. ಬರ್ಕ್ಲಿಯ ಬಯಲುಗಾಳಿಯಲ್ಲಿ 100 ಸಲ ಹಿಡಿದು ಬಿಟ್ಟರೂ ಅದರ ಸಾಮರ್ಥ್ಯ ಕುಂದಲಿಲ್ಲ. 200 ಗ್ರಾಂ ಪುಡಿ ವರ್ಷಕ್ಕೆ 20 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿಯಬಲ್ಲದು ಎಂಬುದು ಆ ತಂಡದ ಅಂದಾಜು. ಪತ್ರಿಕೆಗಳು ಈ ಅಂಕಿಯನ್ನೇ ಎತ್ತಿ ಹೇಳಿದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು 60 ಡಿಗ್ರಿ ಸೆಲ್ಸಿಯಸ್ ಎಂಬ ಇನ್ನೊಂದು ಅಂಕಿ. ಅಷ್ಟು ಬಿಸಿ ಮಾಡಿದರೆ ಸಾಕು, ಹಿಡಿದ ಅನಿಲವನ್ನು ಪುಡಿ ಬಿಟ್ಟುಕೊಡುತ್ತದೆ. ಹಿಡಿಯುವ ವಸ್ತುಗಳು ಬೇಕಾದಷ್ಟಿವೆ. ಬಿಡಿಸಲು ನೂರಾರು ಡಿಗ್ರಿ ಕಾಯಿಸಬೇಕಾದರೆ, ಕಾಯಿಸಲು ಸುಟ್ಟ ಇಂಧನವೇ ಲಾಭವನ್ನು ತಿಂದುಹಾಕುತ್ತದೆ. 60 ಡಿಗ್ರಿ ಎಂದರೆ ಕಾರ್ಖಾನೆಗಳು ವ್ಯರ್ಥವಾಗಿ ಹೊರಬಿಡುವ ಬಿಸಿಯಲ್ಲೇ ಆಗುವ ಕೆಲಸ. ಗಾಳಿಯ ತೇವ ಇದರ ಹಿಡಿತವನ್ನು ಕೆಡಿಸದೆ ಹೆಚ್ಚಿಸುತ್ತದೆ ಎಂಬುದು ಕರಾವಳಿಯವರಾದ ನಾವು ಗಮನಿಸಬೇಕಾದ ಸಂಗತಿ.

ಗಾಳಿಯಿಂದ ಕುಡಿಯುವ ನೀರು ತೆಗೆಯುವ ಸಿಒಎಫ್-432 ಕೂಡ ಇದೇ ಜಾತಿಯದು. 300 ಸಲ ನೀರು ಹೀರಿ ಬಿಟ್ಟರೂ ಅದು ಸವೆಯಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ಬತ್ತುವ ನಮ್ಮ ಹಳ್ಳಿಗಳಿಗೆ ಇದು ಪರಿಹಾರವೇ ಎಂದು ಕೇಳಿದವರಿಗೆ ನಾನು ಅಲ್ಲವೆಂದೇ ಹೇಳುತ್ತೇನೆ. ಅದನ್ನು ರೂಪಿಸಿರುವುದು ಒಣಹವೆಯ ನಾಡುಗಳಿಗಾಗಿ. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಇಂಗುಗುಂಡಿ ಮತ್ತು ಕೆರೆಗಳ ಹೂಳು ಮೊದಲ ವಿಷಯವಾಗಬೇಕು.

ಕಾರವಾರದಲ್ಲಿ ಕೂತು ಈ ವಿಷಯ ಬರೆಯುವಾಗ ಹತ್ತಿರದ ಕೈಗಾ ಅಣುವಿದ್ಯುತ್ ಸ್ಥಾವರವನ್ನು ಬಿಟ್ಟು ಬರೆಯಲಾಗದು. ಅಣುವಿದಳನದಲ್ಲಿ ವಿಕಿರಣಶೀಲ ಅಯೋಡಿನ್ ಹುಟ್ಟುತ್ತದೆ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಅಯೋಡಿನ್-129ರದು ಒಂದೂವರೆ ಕೋಟಿ ವರ್ಷಕ್ಕೂ ಮಿಕ್ಕಿದ್ದು. ಬಳಸಿದ ಇಂಧನವನ್ನು ಮರುಸಂಸ್ಕರಿಸುವಾಗ ಈ ಅಯೋಡಿನ್ ಆವಿಯಾಗಿ ಹೊರಬರುತ್ತದೆ. ಆ ಕೆಲಸ ಕೈಗಾದಲ್ಲಿ ನಡೆಯುವುದಿಲ್ಲ, ತಾರಾಪುರ ಮತ್ತು ಕಲ್ಪಾಕ್ಕಂಗಳಲ್ಲಿ ನಡೆಯುತ್ತದೆ. ಈಗ ಬಳಕೆಯಲ್ಲಿರುವ ಹೀರುಕಗಳಲ್ಲಿ ಬೆಳ್ಳಿ ಸೇರಿಸಿದ ಜಿಯೋಲೈಟ್ ಎಂಬ ಸರಂಧ್ರ ಖನಿಜ ಮುಖ್ಯವಾದದ್ದು. ಸಾರಜನಕ ಹೇರಳವಾಗಿರುವ ಕೆಲವು ಸಿಒಎಫ್‌ಗಳು ಬೆಳ್ಳಿಯ ಹಂಗಿಲ್ಲದೆ ತಮ್ಮ ತೂಕದ ಹಲವು ಪಟ್ಟು ಅಯೋಡಿನ್ ಹೀರುತ್ತವೆ. ಈ ಅಂಕಿಗಳನ್ನು ಓದುವಾಗ ಮಾತ್ರ ಎಚ್ಚರ ಬೇಕು. ಬಹುತೇಕ ಪರೀಕ್ಷೆಗಳು ಸುಮಾರು 75 ಡಿಗ್ರಿಯಲ್ಲಿ, ಮುಚ್ಚಿದ ಪಾತ್ರೆಯೊಳಗಿನ ದಟ್ಟ ಅಯೋಡಿನ್ ಆವಿಯಲ್ಲಿ ನಡೆದವು. ನಿಜವಾದ ಸ್ಥಾವರದ ಗಾಳಿಯಲ್ಲಿ ಅಯೋಡಿನ್ ಅತ್ಯಲ್ಪ, ಜೊತೆಗೆ ನೀರಾವಿಯೂ ನೈಟ್ರೋಜನ್ ಆಕ್ಸೈಡ್‌ಗಳೂ ಇರುತ್ತವೆ. ಅಂಥ ಗಾಳಿಯಲ್ಲಿ ಪರೀಕ್ಷಿಸಿದ ಫಲಿತಾಂಶಕ್ಕೆ ಮಾತ್ರ ನಾನು ಬೆಲೆ ಕೊಡುತ್ತೇನೆ. ಸಮುದ್ರದ ನೀರಿನಿಂದ ಯುರೇನಿಯಂ ತೆಗೆಯಲು ಅಮಿಡಾಕ್ಸಿಮ್ ಗುಂಪುಗಳಿರುವ ಸಿಒಎಫ್‌ಗಳನ್ನೂ ಮಾಡಿದ್ದಾರೆ. ಒಂದು ಲೀಟರ್ ಕಡಲನೀರಿನಲ್ಲಿ ಇರುವುದು ಸುಮಾರು 3.3 ಮೈಕ್ರೋಗ್ರಾಂ ಯುರೇನಿಯಂ. ಅದನ್ನು ಹಿಡಿಯುವ ಗುಂಪಿಗೆ ವೆನೇಡಿಯಂ ಕೂಡ ಅಂಟಿಕೊಂಡು ಅಡ್ಡಬರುತ್ತದೆ.

ನನ್ನ ಮನಸ್ಸು ಹೆಚ್ಚು ತೊಡಗಿಕೊಂಡಿರುವುದು ಔಷಧದ ಬಳಕೆಯಲ್ಲಿ. 5-ಫ್ಲೋರೊಯುರಾಸಿಲ್ ದಶಕಗಳಿಂದ ಕ್ಯಾನ್ಸರಿಗೆ ಕೊಡುವ ಔಷಧ. ಬೇಗ ಬೇಗ ವಿಭಜನೆಯಾಗುವ ಎಲ್ಲ ಜೀವಕೋಶಗಳನ್ನೂ ಅದು ಬಾಧಿಸುವುದರಿಂದ ರೋಗಿಗೆ ಬಾಯಿಹುಣ್ಣು, ಭೇದಿ, ನಿಶ್ಶಕ್ತಿ ಕಾಡುತ್ತವೆ. ನಮ್ಮ ಜಿಲ್ಲೆಯವರು ಇಂಥ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಿ, ಔಷಧ ಏರಿಸಿಕೊಂಡ ದೇಹದಲ್ಲೇ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಮರಳುವುದನ್ನು ನಾನು ನನ್ನ ಬಂಧುಗಳಲ್ಲೇ ಕಂಡಿದ್ದೇನೆ. ಔಷಧ ಬೇಕಾದ ಕಡೆಗೆ ಮಾತ್ರ ಹೋಗುವಂತಿದ್ದರೆ ಎಂಬ ಆಸೆ ಅದನ್ನು ಕಂಡವರಿಗೆಲ್ಲ ಬರುತ್ತದೆ. 2017ರಲ್ಲಿ ಬ್ಯಾನರ್ಜಿ ಅವರ ತಂಡ ಸಿಒಎಫ್‌ನ ಹಾಳೆಗಳನ್ನು ಬಿಡಿಸಿ ತೆಳುವಾದ ನ್ಯಾನೊಹಾಳೆಗಳನ್ನಾಗಿಸಿ, ಅದಕ್ಕೆ ಫೋಲಿಕ್ ಆಮ್ಲವನ್ನು ಜೋಡಿಸಿ, ಅದರ ಮೇಲೆ ಈ ಔಷಧವನ್ನು ಏರಿಸಿತು. ಕೆಲವು ಕ್ಯಾನ್ಸರ್ ಜೀವಕೋಶಗಳ ಮೇಲ್ಮೈಯಲ್ಲಿ ಫೋಲಿಕ್ ಆಮ್ಲವನ್ನು ಹಿಡಿಯುವ ಗ್ರಾಹಕಗಳು ಸಾಮಾನ್ಯಕ್ಕಿಂತ ಹೆಚ್ಚಾಗಿರುವುದರಿಂದ ಹಾಳೆಗಳು ಅಲ್ಲಿಗೆ ಅಂಟಿಕೊಳ್ಳುತ್ತವೆ. ಇದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ನಡೆದ ಕೆಲಸ. ರೋಗಿಯ ದೇಹಕ್ಕೂ ಆ ತಟ್ಟೆಗೂ ಬಹಳ ದೂರ.

ಇನ್ಸುಲಿನ್ ಕುರಿತ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಿದೆ. ಸಿರಸಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಆಗ ಆಯಿಯ ಇನ್ಸುಲಿನ್ ಶೀಶೆ ಫ್ರಿಜ್ಜಿನಿಂದ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಗೆ ಹೋಗುತ್ತದೆ. ದಿನಕ್ಕೆರಡು ಸಲ ಚುಚ್ಚಿಕೊಳ್ಳುವ ಅವಳು "ಇದರ ಮಾತ್ರೆ ಯಾವಾಗ ಬತ್ತು?" ಎಂದು ನನ್ನನ್ನು ಕೇಳುವುದುಂಟು. ಇನ್ಸುಲಿನ್ ಒಂದು ಪ್ರೋಟೀನ್. ಬಾಯಿಂದ ತೆಗೆದುಕೊಂಡರೆ ಹೊಟ್ಟೆಯ ಆಮ್ಲವೂ ಕಿಣ್ವಗಳೂ ಅದನ್ನು ಊಟದ ಪ್ರೋಟೀನಿನ ಹಾಗೆಯೇ ಜೀರ್ಣಿಸಿಬಿಡುತ್ತವೆ, ಉಳಿದದ್ದು ಕರುಳಿನ ಗೋಡೆಯನ್ನು ದಾಟುವುದಿಲ್ಲ. 2021ರಲ್ಲಿ ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಮಿನ್ ಬಂಧದ ಸಿಒಎಫ್ ನ್ಯಾನೊಕಣಗಳ ಪದರಗಳ ನಡುವೆ ಇನ್ಸುಲಿನ್ ತುಂಬಿ, ಮಧುಮೇಹವಿರುವ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಕಣಗಳು ಹೊಟ್ಟೆಯ ಆಮ್ಲದಲ್ಲಿ ಇನ್ಸುಲಿನ್ನನ್ನು ಬಿಡಲಿಲ್ಲ. ಕರುಳನ್ನು ದಾಟಿದ ಮೇಲೆ, ಗ್ಲೂಕೋಸ್ ಹೆಚ್ಚಿರುವ ಕಡೆ ಅದು ಕಣಗಳೊಳಗೆ ನುಗ್ಗಿದಾಗ ಇನ್ಸುಲಿನ್ ಹೊರಬಂದು, ಇಲಿಗಳ ರಕ್ತದ ಸಕ್ಕರೆ ಸಹಜ ಮಟ್ಟಕ್ಕೆ ಇಳಿಯಿತು. ಇಷ್ಟು ವರ್ಷ ಅನಿಲದ ವಿಷಯದಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿ ದೇಹದೊಳಗೆ ಬಂದಿದೆ. ಹೊಟ್ಟೆಯಲ್ಲಿ ಹಿಡಿಯಬೇಕು, ಸಕ್ಕರೆ ಏರಿದಾಗ ಬಿಡಬೇಕು, ಇಳಿದಾಗ ಬಿಡಬಾರದು. ಕೊನೆಯದು ತಪ್ಪಿದರೆ ಸಕ್ಕರೆ ವಿಪರೀತ ಇಳಿದು ಪ್ರಾಣಕ್ಕೇ ಅಪಾಯ.

ಬೆಳಕಿನ ಚಿಕಿತ್ಸೆಯಲ್ಲಿಯೂ ಪ್ರಯೋಗಗಳು ನಡೆದಿವೆ. ಪಾರ್ಫೈರಿನ್ ಎಂಬ, ಬೆಳಕು ಹೀರುವ ಅಣುಗಳನ್ನೇ ಕಲ್ಲುಗಳಾಗಿ ಬಳಸಿ ಕಟ್ಟಿದ ಚೌಕಟ್ಟಿಗೆ ಬೆಳಕು ಬಿದ್ದಾಗ, ಸುತ್ತಲಿನ ಆಮ್ಲಜನಕ ತೀವ್ರ ಕ್ರಿಯಾಶೀಲ ರೂಪಕ್ಕೆ ತಿರುಗಿ ಗೆಡ್ಡೆಯ ಜೀವಕೋಶಗಳನ್ನು ಕೊಲ್ಲುತ್ತದೆ. ಬೆಳಕು ದೇಹದೊಳಗೆ ಹೆಚ್ಚು ಆಳಕ್ಕೆ ಇಳಿಯದ್ದರಿಂದ ಇದಕ್ಕೆ ಮಿತಿಯಿದೆ.

ಇವುಗಳಲ್ಲಿ ಲೋಹವಿಲ್ಲ, ಆದ್ದರಿಂದ ಇವು ದೇಹಕ್ಕೆ ಸುರಕ್ಷಿತ ಎಂಬ ವಾಕ್ಯ ಪ್ರಬಂಧಗಳ ಪೀಠಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಚೌಕಟ್ಟು ಕಳಚಿದಾಗ ಹೊರಬರುವುದು ಅದನ್ನು ಕಟ್ಟಿದ ಅಣುಗಳೇ ಅಲ್ಲವೇ? ಟಿಪಿಪಿಎ-1ರಲ್ಲಿ ಬಳಸುವ ಪ್ಯಾರಾ-ಫೀನಿಲೀನ್ ಡೈಅಮೀನ್, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣಗಳಲ್ಲಿ ಇರುವಂಥದ್ದೇ. ಅದರಿಂದ ಚರ್ಮಕ್ಕೆ ಅಲರ್ಜಿಯಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ, ಹೊಟ್ಟೆಗೆ ಹೋದರೆ ಅದು ವಿಷ. ಇನ್ನೊಂದು ಪ್ರಸಿದ್ಧ ಚೌಕಟ್ಟಿನಲ್ಲಿರುವ ಬೆಂಜಿಡಿನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಸಾಬೀತಾದ ವಸ್ತು. ಇಂಗಾಲದ ಡೈಆಕ್ಸೈಡ್ ಹಿಡಿಯುವ ಪೆಟ್ಟಿಗೆಯಲ್ಲಿ ಬಂಧ ಎಂದೂ ಕಳಚದಿರುವುದು ಗುಣ. ದೇಹದೊಳಗೆ ಎಂದೂ ಕಳಚದ ಕಣ ಯಕೃತ್ತಿನಲ್ಲೋ ಗುಲ್ಮದಲ್ಲೋ ಕೂತುಬಿಡುವುದೇ ತೊಂದರೆ. ಕಳಚಿದರೆ ತುಂಡುಗಳ ವಿಷದ ಪ್ರಶ್ನೆ, ಕಳಚದಿದ್ದರೆ ಉಳಿಕೆಯ ಪ್ರಶ್ನೆ. ಹಾಗಾಗಿ ಔಷಧಕ್ಕೆಂದು ಹೊರಟವರು ತುಂಡುಗಳನ್ನೇ ಮೊದಲು ಆರಿಸಿಕೊಂಡು, ದೇಹಕ್ಕೆ ಪರಿಚಿತವಾದ, ಮೂತ್ರದಲ್ಲಿ ಹೊರಹೋಗಬಲ್ಲ ಅಣುಗಳಿಂದ ಚೌಕಟ್ಟನ್ನು ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತೀಕ್ಷ್ಣ ಆಮ್ಲದಲ್ಲಿ ಉಳಿಯಿತು ಎಂಬ ಹೆಗ್ಗಳಿಕೆಗಿಂತ, ಎಷ್ಟು ವಾರಗಳಲ್ಲಿ ಏನೇನಾಗಿ ಕಳಚಿತು ಎಂಬ ಕೋಷ್ಟಕ ನನಗೆ ಹೆಚ್ಚು ಮುಖ್ಯ.

ತಯಾರಿಕೆಯ ಅಡಚಣೆಗಳೂ ಇವೆ. ಈ ವಸ್ತುಗಳು ಕರಗುವುದಿಲ್ಲ, ಬಿಸಿಮಾಡಿದರೆ ದ್ರವವಾಗುವುದೂ ಇಲ್ಲ, ಆದ್ದರಿಂದ ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಹೊಯ್ಯಲಾಗದು. ರಕ್ತದಲ್ಲಿ ಹರಿಯಬೇಕಾದ ಕಣಗಳು ಕೆಲವು ನೂರು ನ್ಯಾನೊಮೀಟರ್‌ಗಿಂತ ಚಿಕ್ಕವಾಗಿರಬೇಕು, ಒಂದಕ್ಕೊಂದು ಅಂಟಿ ಮುದ್ದೆಯಾಗಬಾರದು, ಪ್ರತಿ ಸಲ ಮಾಡಿದಾಗಲೂ ಒಂದೇ ಗಾತ್ರದಲ್ಲಿ ಬರಬೇಕು. ಸಿಒಎಫ್ ಬಳಸಿದ ಯಾವ ಔಷಧಕ್ಕೂ ಮನುಷ್ಯರ ಚಿಕಿತ್ಸೆಗೆ ಇದುವರೆಗೆ ಅನುಮತಿ ಸಿಕ್ಕಿಲ್ಲ. ಆಯಿಗೂ ನಾನು ಇದನ್ನೇ ಹೇಳಿದ್ದೇನೆ, ಇಲಿಗಳಲ್ಲಿ ಆಗಿದೆ, ಮನುಷ್ಯರಲ್ಲಿ ಇನ್ನೂ ಆಗಿಲ್ಲ, ಚುಚ್ಚುವುದನ್ನು ಬಿಡಬೇಡ ಎಂದು. ಹೊಸ ಪ್ರಬಂಧ ಕೈಗೆ ಬಂದಾಗ ಈಗ ನಾನು ಮೊದಲು ತೆರೆದು ನೋಡುವುದು, ಇಲಿಗಳಿಗೆ ಒಂದೇ ಸಲ ಕೊಟ್ಟರೋ ತಿಂಗಳುಗಟ್ಟಲೆ ಕೊಟ್ಟರೋ, ಆಮೇಲೆ ಅವುಗಳ ಯಕೃತ್ತಿನಲ್ಲಿ ಏನು ಉಳಿದಿತ್ತು ಎಂಬ ಭಾಗವನ್ನು.